ನೆಲ ಡೊಂಕು

ಸೊಹಾರಿನ ಜೂನ್. ಹೊರಗೆ ಬಾಗಿಲ ಹಿಡಿ ಮುಟ್ಟಿದರೆ
ಅಂಗೈ ಅಲ್ಲೇ ಉಳಿಯುತ್ತದೆ.
ಒಳಗೆ ಹತ್ತು ಮೀಟರಿನ ರೇಂಜಿನಲ್ಲಿ ಎ.ಸಿ. ಗೊಣಗುತ್ತಿದೆ.
ಥುರಯ್ಯಾ ನಿಂತಿದ್ದಾಳೆ, ದಪ್ಪ ಕ್ಯಾನ್ವಾಸಿನ ಕೋಟಿನೊಳಗೆ,
ಅರ್ಧ ಕಟ್ಟಿದ ಗೋಡೆಯಂತೆ.

ಗುರಿ ಅಂದರೆ ಒಂದು ಚುಕ್ಕೆ.
ಸಾಸಿವೆ ಅದರ ಮುಂದೆ ಕುಂಬಳಕಾಯಿ.

ಜರ್ಮನಿಯ ಕೋವಿ. ನನ್ನ ಹದಿನಾಲ್ಕು ತಿಂಗಳ ಸಂಬಳ.
ನಾನದರ ಆಯಾ: ಒರೆಸುವುದು, ಎಣ್ಣೆ ಹಚ್ಚುವುದು, ಮಲಗಿಸುವುದು.
ಕುಂದಾಪುರದಲ್ಲಿ ಗಡಿಯಾರ ಬಿಚ್ಚುತ್ತಿದ್ದ ಬೆರಳಿಗೆ
ಇಲ್ಲಿ ಸಿಕ್ಕ ಕೆಲಸ.

"ಕೋವಿಯಲ್ಲಿ ಏನೋ ಇದೆ, ಫೆಲಿಕ್ಸ್" ಅಂದಳು ಮೊನ್ನೆ.
ಒಂಬತ್ತು ಪಾಯಿಂಟ್ ಎಂಟು, ಒಂಬತ್ತು ಪಾಯಿಂಟ್ ಆರು,
ಆಮೇಲೆ ಒಂಬತ್ತು ಪಾಯಿಂಟ್ ಒಂದು.
ಹಂಗೇರಿಯ ಕೋಚ್ ಲಾಸ್ಲೋ ಮೀಸೆಯಲ್ಲೇ ನಕ್ಕ:
ಕೋವಿಯಲ್ಲಿ ಗಾಳಿ ಇದೆ ಮಗೂ, ಉಸಿರು ನಿನ್ನದು.
ನಾನೂ ನಕ್ಕೆ.
ಮನೆಯಲ್ಲೆಲ್ಲ ಕೊಂಕಣಿ, ಬೈಯುವಾಗ ಮಾತ್ರ ಕನ್ನಡ, ನಮ್ಮ ಮಾಯ್.
ಅವಳದೇ ದನಿ ಕಿವಿಯಲ್ಲಿ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ರಾತ್ರಿ, ಇಶಾದ ಬಾಂಗು ಮುಗಿದ ಮೇಲೆ,
ನಿದ್ದೆ ಬಾರದ್ದಕ್ಕೆ, ಸುಮ್ಮನೆ,
ಕೋವಿಯನ್ನು ವೈಸಿನ ದವಡೆಗೆ ಕೊಟ್ಟು ಬಿಗಿದೆ.
ವೈಸಿಗೆ ನಾಡಿ ಬಡಿಯುವುದಿಲ್ಲ.
ನಾಳೆ ಪರೀಕ್ಷೆ ಇಲ್ಲ, ಅಪ್ಪನ ಫೋನೂ ಬರುವುದಿಲ್ಲ.
ಹತ್ತು ಗುಂಡು ಒಂದೇ ತೂತಿನಲ್ಲಿ ಹೋಗಬೇಕು.
ಹೋದವು ಏಳು.
ಮೂರು, ಪಕ್ಕದಲ್ಲಿ ಬೇರೆ ಮನೆ ಮಾಡಿದವು.

ಹಿಡಿಕೆಯ ಹೊಟ್ಟೆಯೊಳಗಿನ ಸ್ಕ್ರೂ. ಸಡಿಲ.
ಕಾಲು ಸುತ್ತೂ ಅಲ್ಲ, ಅದರ ಕಾಲು.
ಕೊನೆಗೆ ಬಿಗಿದವನು ನಾನೇ, ಗುರುವಾರ,
ಊರಿನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು.

ನೆಲ ನಿಜಕ್ಕೂ ಡೊಂಕಿತ್ತು, ಮಾಯ್.
ಡೊಂಕು ಮಾಡಿದವನು ನಿನ್ನ ಮಗ.

ಬೆಳಿಗ್ಗೆ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು.
ಥುರಯ್ಯಾ ಬೈಯಲಿಲ್ಲ. ಲಾಸ್ಲೋನ ಕಡೆ ಒಮ್ಮೆ ನೋಡಿದಳು, ಅಷ್ಟೆ;
ಅವನು ತನ್ನ ಕಾಫಿಯಲ್ಲಿ ಏನನ್ನೋ ಹುಡುಕಿದ.
ಕೋಟಿನ ಗುಂಡಿ ಹಾಕಿದಳು. ನಿಂತಳು.

ಹತ್ತು ಪಾಯಿಂಟ್ ಐದು.
ಹತ್ತು ಪಾಯಿಂಟ್ ಏಳು.
ಮೂರನೆಯದು, ಎಂಟು ಪಾಯಿಂಟ್ ಒಂಬತ್ತು.

ಲಾಸ್ಲೋ ಬಾಯಿ ತೆರೆದ, ಮುಚ್ಚಿದ.
ನನ್ನ ಕೈ ಜೇಬಿನಲ್ಲಿ ಸ್ಕ್ರೂಡ್ರೈವರನ್ನು ತಡಕುತ್ತಿತ್ತು.

ಕೋವಿ ಇಳಿಸಿ ತುಂಬ ಹೊತ್ತು ನೋಡಿದಳು,
ಕೋವಿಯನ್ನಲ್ಲ, ತನ್ನ ಎಡಗೈಯನ್ನು.
"ಇದು ನನ್ನದು" ಅಂದಳು.
ಆ ದನಿಯಲ್ಲಿ ಇದ್ದದ್ದು ಸಂತೋಷವೇ ಇರಬೇಕು,
ಕಳೆದುಹೋದ ಬೀಗದ ಕೈ
ತನ್ನ ಚೀಲದಲ್ಲೇ ಸಿಕ್ಕಿದಾಗ ಬರುವಂಥದ್ದು.