ತಿದಿಯೊಳಗಿನ ಹಾಳೆ

ಈಸ್ಟರಿಗೆ ಎರಡು ವಾರ ಇರುವಾಗ
ಕುಮಟೆ ಇಗರ್ಜಿಯ ಹಳೇ ಆರ್ಗನ್ನಿಗೆ ಉಬ್ಬಸ ಹತ್ತಿತು.
ಗಂಧದ ಪೆಟ್ಟಿಗೆ ಕೆತ್ತುವವ ನಾನು,
ಪೇಟಿ ರಿಪೇರಿ ನನಗೆ ಮಳೆಗಾಲದ ಕಸುಬು.
"ಗುಡಿಗಾರ್ ಮಾಮ, ಗಾಳಿ ಎಲ್ಲೋ ಸೋರ್ತದೆ"
ಅಂದಳು ನುಡಿಸುವ ಟೀಚರು ಪಿಯೆದಾದ್.

ಹಿಂದಿನ ಹಲಗೆ ಬಿಚ್ಚಿದೆ.
ಇಲಿಯ ಹಿಕ್ಕೆ, ಮೇಣದ ಹನಿ, ಸವೆದ ಒಂದು ಕಾಲಾಣೆ.
ತಿದಿಯ ಮಡಿಕೆ ಹರಿದಲ್ಲಿ
ಯಾರೋ ಹುಣಸೆಬೀಜದ ಅಂಟು ಬಳಿದು
ಕೂರಿಸಿದ್ದ ದಪ್ಪ ಕಾಗದದ ತೇಪೆ.
ಬಿಸಿನೀರಿನ ಬಟ್ಟೆಯಿಟ್ಟು, ಉಸಿರು ಹಿಡಿದು ಬಿಡಿಸಿದರೆ
ಐದೈದು ಗೆರೆ, ಗೆರೆಗಳ ಮೇಲೆ
ಬಾಲವಿದ್ದ ಕರಿ ಇರುವೆ.

ಮೇಲೆ ಒಂದು ಹೆಸರು: ಹೆಡ್ವಿಗ್.
ಅದರ ಮೇಲೊಂದು ಗೀಟು.
ಪಕ್ಕದಲ್ಲಿ ಬೇರೆ ಶಾಯಿ, ಬೇರೆ ಕೈ,
ಹತ್ತಿ ವ್ಯಾಪಾರದ ಗಂಡನ ಪೂರ್ತಿ ಹೆಸರು, ಸುರುಳಿ ಬಾಲದ ಸಮೇತ.

ಅಂಚಿನಲ್ಲಿ ಗೀಚಿದ್ದನ್ನು
ಜರ್ಮನಿಯಲ್ಲಿ ನಾಲ್ಕು ವರ್ಷ ಓದಿ ಬಂದ ಪಾದ್ರಿ
ಕನ್ನಡಕ ಒರೆಸಿ ಒರೆಸಿ ಬಿಡಿಸಿ ಹೇಳಿದರು:
*ತುಪ್ಪ ಮುಗಿದಿದೆ.*
*ಉಪ್ಪುಗಾಳಿ. ಪಿಯಾನೋದ ತಂತಿ ಏಳು ತುಂಡಾದವು.*
*ಇವತ್ತಿನಿಂದ ಊಟದ ಮೇಜಿನ ಮೇಲೆ ನುಡಿಸುವುದು.*
*ಅಘನಾಶಿನಿ, ಇಳಿತ, ಬೆಳಗು. ಹೆಂಗಸರು.*
*ಐದು ಹೆಜ್ಜೆ, ಒಂದು ಬಾಗು.*

ಇನ್ನೇನೂ ಗೊತ್ತಿಲ್ಲ ಅವಳ ಬಗ್ಗೆ.
ಎಷ್ಟು ವರ್ಷ ಇದ್ದಳು, ಮಕ್ಕಳಿದ್ದವೇ,
ಯಾವ ಹಡಗು ಹತ್ತಿ ಹೋದಳು, ಹೋದಳೋ ಇಲ್ಲವೋ.
ಗೊತ್ತಿರುವುದು ಇಷ್ಟೇ:
ಸದ್ದಿಲ್ಲದ ಮೇಜಿನ ಮೇಲೆ ಬೆರಳು ಓಡಿಸುತ್ತ
ಹತ್ತು ಬೆರಳಿಗೂ ಕಿವಿ ಬರಿಸಿಕೊಂಡವಳು.
ಬಡಿಸಲು ಬಂದವ ತಟ್ಟೆ ಹಿಡಿದು
ಎಷ್ಟು ಹೊತ್ತು ಕಾದು ನಿಂತನೋ.

ನನಗೆ ಸ್ವರ ಓದಲು ಬಾರದು. ನಕಲು ಬರುತ್ತದೆ.
ಬಳ್ಳಿ, ಹಂಸ, ಆನೆಸಾಲು ಇಳಿಸುವ ಎಣ್ಣೆಕಾಗದ ಹಾಸಿ
ಚುಕ್ಕಿಗೆ ಚುಕ್ಕಿ, ಬಾಲಕ್ಕೆ ಬಾಲ ಇಳಿಸಿದೆ.
ಎರಡು ರಾತ್ರಿ ಹಿಡಿಯಿತು.
ಮೂರನೇ ಸಾಲಿನಲ್ಲಿ ಟೀಚರು ತಡವರಿಸಿದಳು:
"ಮಾಮ, ಇದು ಸ್ವರ ಅಲ್ಲ, ನೊಣದ ಹಿಕ್ಕೆ!"
ನಕ್ಕಳು. ಮತ್ತೊಮ್ಮೆ ನುಡಿಸಿ ನೋಡಿದಳು.
"ಇರಲಿ ಬಿಡಿ, ಚಂದ ಕೇಳ್ತದೆ."

ಚಿತ್ರ ಇಳಿಸುವಾಗ ಅವ್ವನ ನೆನಪಾಗಿತ್ತು.
ಅಪ್ಪನ ಪೆಟ್ಟಿಗೆಗಳ ಸಣ್ಣ ಬಳ್ಳಿಯೆಲ್ಲ ಅವಳ ಉಳಿಯದು,
ಅಡುಗೆ ಮುಗಿಸಿ, ಬಚ್ಚಲ ಕಟ್ಟೆ ಮೇಲೆ ಕೂತು ಕೆತ್ತಿದ್ದು.
ಮುಚ್ಚಳದ ಒಳಗೆ ಅಪ್ಪನ ಹೆಸರು.
ಅದನ್ನೂ ಅವಳೇ ಕೆತ್ತುತ್ತಿದ್ದಳು,
ಅಪ್ಪನಿಗೆ ಅಕ್ಷರ ಓರೆಯಾಗುತ್ತಿತ್ತು.

ಆಡಿನ ಚರ್ಮದ ಹೊಸ ತೇಪೆ ಒಣಗಿದ ಮೇಲೆ
ಪಿಯೆದಾದ್ ಕಾಲು ಒತ್ತಿದಳು. ತಿದಿ ಉಬ್ಬಿತು.
ನೂರು ವರ್ಷದ ಕೀರ್ತನೆಗಳಿಗೆಲ್ಲ ಬೆನ್ನು ಕೊಟ್ಟು
ತಾನು ಮಾತ್ರ ಕೇಳಿಸದೆ ಕೂತಿದ್ದ ಹಾಳೆ
ಈಗ ಎದುರಿನ ಹಲಗೆಯ ಮೇಲೆ.
ಎಡಗೈಯಲ್ಲಿ ಸೊಂಟಮಟ್ಟದ ನೀರು.
ಬಲಗೈಯಲ್ಲಿ ಬಳಚು ಹೆಕ್ಕುವ ಹೆಂಗಸರು,
ಬುಟ್ಟಿ ತೇಲಿಬಿಟ್ಟು, ಕಾಲಬೆರಳಲ್ಲಿ ಕೆಸರು ತಡಕುತ್ತ,
ಐದು ಹೆಜ್ಜೆ, ಒಂದು ಬಾಗು,
ಐದು ಹೆಜ್ಜೆ, ಒಂದು ಬಾಗು.
ನೆಲ ಒರೆಸುತ್ತಿದ್ದ ತದಡಿಯ ಮಂಕಾಳಿ
ಬಟ್ಟೆ ಹಿಂಡುವುದು ಬಿಟ್ಟು ಕೇಳಿದಳು:
"ಇದು ನಮ್ಮ ಕಾಲಲ್ವಾ?"

ಅಷ್ಟರಲ್ಲಿ ಹಾಳೆ ಮುಗಿಯಿತು.
ಬಾಗಿದವಳು ಬಾಗಿಯೇ ಉಳಿದಳು,
ಕೈ ಕೆಸರಿನಲ್ಲಿ, ಏನೋ ಸಿಕ್ಕ ಹಾಗೆ.

ಬಿಲ್ಲು ಬರೆದೆ: ಚರ್ಮ, ಅಂಟು, ಮೂರು ದಿನದ ಕೂಲಿ.
ಗಂಡನ ಹೆಸರನ್ನು ಎಣ್ಣೆಕಾಗದಕ್ಕೆ ಇಳಿಸಿರಲಿಲ್ಲ,
ಜಾಗ ಸಾಲಲಿಲ್ಲ ಅಂದೆ.
ಹೊನ್ನಾವರದಲ್ಲೂ ಒಂದು ಹಳೇ ಆರ್ಗನ್ನು ಇದೆಯಂತೆ,
ಅಟ್ಟದ ಮೇಲೆ, ಯಾರೂ ಮುಟ್ಟದೆ.
ಅದಕ್ಕೂ ಉಬ್ಬಸವಂತೆ.
ನಾಳೆ ಮೊದಲ ಬಸ್ಸಿಗೆ ಹೊರಟಿದ್ದೇನೆ,
ಯಾರೂ ಕರೆದಿಲ್ಲ.