ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಬೆಂಕಿ

ಜುಲೈ ಮೂವತ್ತು. ನಾಡಿದ್ದು ಬೋಟುಗಳು ಇಳಿಯಬೇಕು.
ಬಿಲ್ಲಿಲ್ಲದೆ ಒಂದು ಗಡ್ಡೆಯೂ ಹೊರಗೆ ಹೋಗಬಾರದೆಂದು
ತಿಂಗಳಾಯರ ಕಟ್ಟಪ್ಪಣೆ.
ಸ್ವೆಟರಿನ ಮೇಲೊಂದು ಸ್ವೆಟರು ಹಾಕಿ ಕೂತ ಜಲಜಕ್ಕ ಹೇಳಿದರು:
"ಪ್ರಿಂಟರಿಗೆ ಎಂತದೋ ಸಿಟ್ಟು, ಮಾರಾಯ್ರೆ."

ಕಪ್ಪು ಪರದೆಯಲ್ಲಿ ಲಿನಕ್ಸನ್ನು ಕೇಳಿದೆ.
ಅದು ಉತ್ತರ ಕೊಟ್ಟಿತು:
ಎಲ್‌ಪಿ ಸೊನ್ನೆಗೆ ಬೆಂಕಿ ಬಿದ್ದಿದೆ.

ಓದಿ ಹೇಳಿದೆ. ಜಲಜಕ್ಕ
ಗೋಡೆಯಾಚೆ ಹೊಗೆಯಾಡುವ ಮಂಜುಗಡ್ಡೆಗಳ ಸಾಲು ನೋಡಿ
"ಬೆಂಕಿಯಾ? ಇಲ್ಲಿಯಾ?
ತೋರಿಸಿ, ಸ್ವಲ್ಪ ಕೈ ಕಾಸಿಕೊಳ್ತೇನೆ."

ಯಾವ ಕಾಲದ ಪ್ರಿಂಟರುಗಳ ಭಯವೋ,
ಯಾರೂ ಅಳಿಸದೆ ಉಳಿದ ಸಾಲು ಅದು.
ಅರ್ಥ ಇಷ್ಟೇ: ಕಾಗದ ಉಂಟು, ಕರೆಂಟು ಉಂಟು,
ಆದರೂ ಏನೋ ಸರಿಯಿಲ್ಲ ಎಂದು ಒಂದು ತಂತಿ ಕೂಗುತ್ತಿದೆ.
ಏನೆಂದು ಅದಕ್ಕೂ ಗೊತ್ತಿಲ್ಲ.

ಮಾಡ್ಯೂಲು ಇಳಿಸಿ ಮತ್ತೆ ಏರಿಸಿದೆ. ಬೆಂಕಿ.
ಬಯಾಸಿಗೆ ಹೊಕ್ಕು ಪೋರ್ಟಿನ ಮೋಡು ಬದಲಿಸಿದೆ. ಬೆಂಕಿ.
ಕ್ಯೂನಲ್ಲಿ ನಲವತ್ತೊಂದು ಬಿಲ್ಲು,
ಹರಾಜಿಗೆ ಕಾದ ಬುಟ್ಟಿಗಳ ಹಾಗೆ.

ಮೊದಲೇ ಮಾಡಬೇಕಿದ್ದದ್ದನ್ನು ಕೊನೆಗೆ ಮಾಡಿದೆ:
ಮಂಡಿಯೂರಿ, ಟಾರ್ಚು ಬಾಯಲ್ಲಿ ಕಚ್ಚಿ,
ಕಿವಿಯಂಥ ಎರಡು ಕ್ಲಿಪ್ಪು ಬಿಡಿಸಿ ಕೇಬಲ್ಲು ಎಳೆದೆ.
ಮೂವತ್ತಾರು ಹಲ್ಲು. ಮೂವತ್ತೆರಡರಿಂದ ಮೂವತ್ತಮೂರಕ್ಕೆ
ಹಸಿರು ಕಿಲುಬಿನ ಪುಟ್ಟ ಸಂಕ,
ಅರ್ಧ ಅಮೋನಿಯಾ ಕಟ್ಟಿದ್ದು, ಅರ್ಧ ಕಡಲು.

ಸ್ಪಿರಿಟ್ಟು, ಹಳೆಯ ಟೂತ್ ಬ್ರಷ್ಷು.
ಬೇಡ ಅಂದರೂ ಜಲಜಕ್ಕ ಉಫ್ ಉಫ್ ಎಂದು ಊದಿದರು.
ಪರೀಕ್ಷೆಗೆ ಬೋಟುಗಳ ಪಟ್ಟಿ ಕಳಿಸಿದೆ.
ಕರ್‍ರ್ ಎಂದಿತು ತಲೆ:

ಕಡಲಕುವರಿ ಐವತ್ತು
                    ಬೊಬ್ಬರ್ಯ ಪ್ರಸಾದ ಎಂಬತ್ತು
                                              ಸಾಗರದೀಪ ಮೂವ

"ದಕ್ಕೆಯ ಮೆಟ್ಟಿಲು!" ಅವರಿಗೆ ನಗು.
ಯುನಿಕ್ಸಿನ ಕುಲದವರಿಗೆ ಒಂದು ಸಾಲು ಕೆಳಗಿಳಿಯುವುದು ಗೊತ್ತು;
ದಡಕ್ಕೆ ಮರಳು ಎಂದು ಬೇರೆಯೇ ಹೇಳಬೇಕು.
ನಾನು ಹೇಳುವ ಮೊದಲೇ, ಹಾಳೆಯ ಬಲದಂಚಿನಲ್ಲಿ,
ಉಳಿದ ಬೋಟುಗಳೆಲ್ಲ ಒಂದರ ಮೇಲೊಂದು ಬಿದ್ದು
ಒಂದೇ ಕಪ್ಪು ಕಲೆ.

ಆ ಕಲೆಯನ್ನು ಜಲಜಕ್ಕ ಕನ್ನಡಕ ಏರಿಸಿ ಓದಿದರು:
"ಇದು ರೇವತಿಯ ಗಂಡನದ್ದು, ಹೋದ ವರ್ಷದ ಬಾಕಿ ಉಂಟು.
ಇದು ಹೊಸತು, ಇನ್ನೂ ಪೈಂಟು ಒಣಗಲಿಲ್ಲ.
ಇದು..."
ಕೆಳಗಿನ ಗಡ್ಡೆ ಪುಡಿಮಾಡುವ ಮೆಷಿನ್ನು ನಿಂತಿತು, ಮತ್ತೆ ಶುರುವಾಯಿತು.
"ಇದು ಹಳೆ ಪಟ್ಟಿಯಿಂದ ತೆಗೆಯಲಿಕ್ಕೆ ಮರೆತದ್ದು."

ಫಿಲ್ಟರಿಗೆ ಒಂದು ಅಕ್ಷರ ಸೇರಿಸಿದೆ, ಕಣ್ಣಿಗೆ ಕಾಣದ್ದು.
ಸಾಲುಗಳು ಎಡಕ್ಕೆ ಬಂದು ನಿಂತವು.
ಅಳಿಸುವ ಕಮಾಂಡು ಯಾವುದೆಂದು ಕೇಳಿದರು.
ಹೇಳಿದೆ; ಅವರೇ ಟೈಪಿಸಿದರು, ಒಂದೊಂದೇ ಬೆರಳಲ್ಲಿ.

ಮೂರು ಮೂರು ಪ್ರತಿ,
ನಲವತ್ತು ಬಿಲ್ಲು.