ಮೈಮೇಲೆ ಕಬ್ಬಿಣ ಏನಾದರೂ

ಮೈಮೇಲೆ ಕಬ್ಬಿಣ ಏನಾದರೂ ಇದೆಯಾ,
ಎಂದು ಕೇಳುವುದು ನನ್ನ ಕೆಲಸ.
ನಿಂಗಾಜಮ್ಮ ಸೆರಗಿನ ಗಂಟು ಬಿಚ್ಚಿ
ಎರಡು ಪಿನ್ನು, ಟ್ರಂಕಿನ ಬೀಗದ ಕೈ,
ಆಮೇಲೆ ನೆನಪಾಗಿ, ಚೀಲದ ತಳದಿಂದ
ಸೊಪ್ಪು ಕೊಯ್ಯುವ ಮೊಂಡು ಕುಡುಗೋಲು
ಟ್ರೇಗೆ ಹಾಕಿ ಕೈ ಕೊಡವಿದಳು:
"ಇಷ್ಟೇಯ ಕಣವ್ವ. ಇನ್ನೇನೂ ಇಲ್ಲ."

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಇಪ್ಪತ್ತೆಂಟು ವರ್ಷ ಹೊನಗೊನೆ, ಒಂದೆಲಗ ಮಾರಿದವಳು.
ಮಂಡಿಯುದ್ದ ನೀರಲ್ಲಿ ನಿಂತು ಕೊಯ್ಯುವಾಗ
ನಡುನಡುವೆ ಒಂದೊಂದು ಕುಡಿ ಹಸಿಯಾಗೇ ಬಾಯಿಗೆ.
ಕಣ್ಣಿಗೆ ಒಳ್ಳೇದು, ರಕ್ತಕ್ಕೆ ಒಳ್ಳೇದು.
ಅದೇ ಎಲೆಯ ಬೆನ್ನಿಗೆ,
ಬಸವನಹುಳದ ಹೊಟ್ಟೆಯಿಂದ ಇಳಿದು ಬಂದದ್ದೊಂದು
ಸಾಸಿವೆಗಿಂತ ಸಣ್ಣ ಚುಕ್ಕೆಯಾಗಿ ಅಂಟಿ ಕೂತಿತ್ತು.

ಕುರಿ ಕೊಯ್ಯುವ ಬುಡೇನ್‌ಸಾಬರಿಗೆ ಈ ಹುಳ ಗೊತ್ತು.
ಈಲಿ ಸೀಳಿದರೆ ಎಲೆಯ ಹಾಗೇ ಚಪ್ಪಟೆ, ಮಿಸುಕುತ್ತದೆ;
ಆ ಈಲಿಯನ್ನು ತೂಕಕ್ಕೆ ಹಾಕುವುದಿಲ್ಲ ಅವರು.

ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.
ಗಾಜಿನ ಈಚೆ ನಾನು.
ಆಚೆ ಯಂತ್ರ ಯಾರದೋ ತಗಡಿನ ಬಾಗಿಲು ಬಡಿಯುತ್ತದೆ.
ಒಂದೇ ಉಸಿರಿನಲ್ಲಿ ಹನ್ನೆರಡು ಚಿತ್ರ,
ಒಂದಕ್ಕಿಂತ ಒಂದು
ರೆಪ್ಪೆ ಬಡಿಯುವುದರ ನೂರನೇ ಪಾಲು ತಡವಾಗಿ.
ಬೆನ್ನಿನ ಸ್ನಾಯು ಮೆಲ್ಲಗೆ ಮಬ್ಬಾಗುತ್ತದೆ, ಸಂಜೆಯಾದ ಹಾಗೆ.
ಈಲಿ ಮಾತ್ರ ಮೂರನೆಯದಕ್ಕೇ ಕಪ್ಪು,
ಕರೆಂಟು ಹೋದ ಹಾಗೆ.
ಎಷ್ಟು ಬೇಗ ಕತ್ತಲೋ ಅಷ್ಟು ಕಬ್ಬಿಣ.
ಸೂಜಿ ಚುಚ್ಚಿ ಚೂರು ತೆಗೆಯದೆ
ಲೆಕ್ಕ ಸಿಗುವುದು ಹೀಗೆ.
ಇನ್ನೊಂದು ಬಗೆಯ ಚಿತ್ರದಲ್ಲಿ
ಹುಳ ಕೊರೆದ ಹಾದಿಗಳು ಬೆಳ್ಳಗೆ,
ಗೆದ್ದಲು ಹತ್ತಿದ ಕದದ ಮೇಲಿನ ಗೆರೆ.

ರಕ್ತವಿಲ್ಲವೆಂದು ಮೊದಲ ಬಸುರಿನಿಂದ ಇವತ್ತಿನವರೆಗೆ
ಕೊಟ್ಟವರೆಲ್ಲ ಕೊಟ್ಟದ್ದು ಅದೇ ಕೆಂಪು ಮಾತ್ರೆ.
ರಕ್ತದಲ್ಲಿ ಇವತ್ತೂ ಆರೂವರೆ.
ಗೋದಾಮಿನಲ್ಲಿ ಮೂಟೆ ಮೂಟೆ ಅಕ್ಕಿ,
ಡಿಪೋ ಬಾಗಿಲಲ್ಲಿ ಸ್ಟಾಕಿಲ್ಲ ಎಂಬ ಬೋರ್ಡು.
ಕಳ್ಳ ಹೊಕ್ಕನೆಂದು ಬೀಗ ಜಡಿದ ಮೈ
ಕಾರ್ಡು ಹಿಡಿದು ನಿಂತ ಮನೆಯವರನ್ನೂ
ವಾಪಸು ಕಳಿಸುತ್ತಿದೆ.

ಬೀಗದ ಕೈ ನನ್ನ ಟ್ರೇನಲ್ಲಿ ಬಿದ್ದಿತ್ತು.

"ಏನ್ ಕಾಣ್ತವ್ವ?"
ಹೇಳುವುದು ಡಾಕ್ಟರು; ನಾನಲ್ಲ.
ಚಿತ್ರ ಚೆನ್ನಾಗಿ ಬಂದಿದೆ ಎಂದೆ.
ಸ್ಟುಡಿಯೋದಿಂದ ಹೊರಟವಳ ಹಾಗೆ
ಅವಳು ತಲೆಗೂದಲು ಸರಿಮಾಡಿಕೊಂಡಳು,
ಪಿನ್ನು ಎಣಿಸಿಕೊಂಡಳು,
ಚೀಲದಿಂದ ಒಂದು ಕಟ್ಟು ಹೊನಗೊನೆ ತೆಗೆದು
"ಬೇಡ ಅನ್ಬೇಡ" ಎಂದು ಮೇಜಿನ ಮೇಲಿಟ್ಟಳು.

ರಾತ್ರಿ ಅಡುಗೆಮನೆಯಲ್ಲಿ
ಒಂದೊಂದೇ ಎಲೆ ಮಗುಚಿ ಟ್ಯೂಬ್‌ಲೈಟಿಗೆ ಹಿಡಿದೆ.
ಏನೂ ಕಾಣಲಿಲ್ಲ.
ಅತ್ತೆ ಎರಡು ಸಲ ಕೇಳಿದರು, ಒಲೆ ಹಚ್ಚಲೋ ಬೇಡವೋ.